ತಮ್ಮನ ಎರಡು ಗುಳಿಗಳು

ಹನಿ ಬೀಳುತ್ತಿಲ್ಲ, ಪಿಪೆಟ್ಟಿನ ತುದಿಗೇ ಅಂಟಿಕೊಂಡು ನೇತಾಡುತ್ತಿದೆ, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತ ನೆಂಟರ ಹಾಗೆ, ಬೀಳು ತಾಯಿ, ನಿನ್ನ ದಮ್ಮಯ್ಯ, ತುದಿಯನ್ನು ಗುಳಿಯ ಗೋಡೆಗೆ ಮೆಲ್ಲಗೆ ತಾಗಿಸುತ್ತೇನೆ, ಹಾಂ, ಇಳಿಯಿತು, ಇದು ಅವನ ಮೊದಲನೆಯದು, ಪಕ್ಕದ್ದು ಅವನ ಎರಡನೆಯದು, ಪ್ರತಿಯೊಬ್ಬರ ಸೀರಮ್ಮಿಗೂ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿಗೆ, ಎರಡೆರಡು ಗುಳಿ, ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದು, ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಕಿರುಬೆರಳ ಉಗುರಿನಷ್ಟು ಅಗಲದ ಗುಳಿಗಳು ಸಾಲುಸಾಲು, ಟ್ಯೂಬಿನ ಮೇಲೆ ನಂಬರು ಮಾತ್ರ ಇರಬೇಕು, ಹೆಸರು ಇರಕೂಡದು, ಯಾರ ರಕ್ತ ಎಂದು ಕೆಲಸ ಮಾಡುವವರಿಗೆ ಗೊತ್ತಿರಬಾರದು ಎನ್ನುವುದು ನಿಯಮ, ಸರಿ, ಆದರೆ ಆ ನಂಬರನ್ನು ಅಂಟಿಸಿದವಳೇ ನಾನು, ಸ್ವಂತ ತಮ್ಮನ ತೋಳಿಗೆ ಸೂಜಿ ಚುಚ್ಚಿದವಳೂ ನಾನು, ಅಯ್ಯೋ ಅಕ್ಕ ಮೆಲ್ಲಗೆ, ಹಳೇ ಸಿಟ್ಟೆಲ್ಲ ಇವತ್ತೇ ತೀರಿಸ್ಕೊಳ್ತಿದ್ದೀಯಾ ಎಂದು ಅವನು ಕಿರುಚಿದ್ದೂ ನನ್ನ ಕಿವಿಗೇ, ಇನ್ನು ನಂಬರು ಕಟ್ಟಿಕೊಂಡು ನಾನೇನು ಮಾಡಲಿ. ದೊಡ್ಡ ಮೇಡಂ ಮೊದಲು ಬೇಡವೆಂದರು, ನಿಮ್ಮ ತಮ್ಮನ ಸ್ಯಾಂಪಲ್ಲು ನೀವು ಮುಟ್ಬಾರ್ದು ಅಂದರು, ಮತ್ಯಾರು ಮಾಡ್ತಾರೆ ಮೇಡಂ, ಈ ಟೆಸ್ಟು ಕಲಿತ ಇನ್ನೊಬ್ಬಳು ಹೆರಿಗೆ ರಜೆಯಲ್ಲಿದ್ದಾಳೆ, ನೀವು ಕೂತ್ಕೊಳ್ತೀರಾ ಅಂದೆ, ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಸರಿ, ಮಾಡೋದು ನೀವು, ಓದೋದು ಯಂತ್ರ, ಹೇಳೋದು ನಾನು, ನೀವು ಬಾಯಿ ಬಿಡೋ ಹಾಗಿಲ್ಲ ಅಂದರು, ಬಿಡೋದಿಲ್ಲ ಮೇಡಂ, ನಮ್ಮ ಮನೆಯಲ್ಲಿ ಬಾಯಿ ಬಿಡುವ ಕೆಲಸವೆಲ್ಲ ಅವನದೇ.

ಪಿಪೆಟ್ ತುದಿಗಳ ಡಬ್ಬಿಯ ಮುಚ್ಚಳವನ್ನು ಮೇಜಿನ ಅಂಚಿಗೆ ಬೋರಲು ಹಾಕಿದ್ದೇನೆ, ನಮ್ಮ ಲ್ಯಾಬಿನಲ್ಲಿ ಯಾರಾದರೂ ಮುಚ್ಚಳ ಬೋರಲು ಹಾಕಿದರೆ ಅವರನ್ನು ಮಾತಾಡಿಸಕೂಡದು, ಯಾರು ಯಾವಾಗ ಶುರು ಮಾಡಿದರೋ, ಬೆಂಕಿ ಬಿದ್ದರೂ ಮೊದಲು ಮುಚ್ಚಳ ಎತ್ತಿ ಆಮೇಲೆ ಬೆಂಕಿ ಅನ್ನಬೇಕು ಎಂದು ತಮಾಷೆ, ಗುಳಿಗಳ ಸಾಲಿನ ನಡುವೆ ಒಂದು ಮಾತು ನುಗ್ಗಿದರೆ ಸಾಕು, ಇದಕ್ಕೆ ಹಾಕಿದೆನೋ ಪಕ್ಕದ್ದಕ್ಕೆ ಹಾಕಿದೆನೋ ಎಂದು ತಬ್ಬಿಬ್ಬಾಗಿ ಇಡೀ ತಟ್ಟೆ ಕಸದ ಪಾಲು. ಹೊರಗಿನ ಬಾಯಿಗಳನ್ನು ಮುಚ್ಚಿಸಬಹುದು, ತಲೆಯೊಳಗೆ ಬಾಯಿಬಡುಕನದೇ ಸದ್ದು, ಬಾಯಿಬಡುಕ ಎನ್ನುವುದು ತಮ್ಮನಿಗೆ ನಾನಿಟ್ಟ ಹೆಸರು, ತೊಟ್ಟಿಲಿನಿಂದ ಇಳಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದವನಲ್ಲ, ನಿದ್ದೆಯಲ್ಲೂ ವಟವಟ, ಇವನು ಮುಂದೆ ಏನಾಗ್ತಾನಪ್ಪ ಎಂದು ಅಮ್ಮ ತಲೆಯ ಮೇಲೆ ಕೈ ಹೊತ್ತುಕೊಂಡಿದ್ದಳು, ಆದದ್ದು ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಮೇಷ್ಟ್ರು, ಅಬ್ಬ, ನಿನ್ನ ಮಾತು ಕೇಳಿಸದೇ ಇರೋರು ಕೊನೆಗೂ ಸಿಕ್ಕಿದ್ರಲ್ಲ, ಪುಣ್ಯವಂತರು ಎಂದು ನಾನು ಕೀಟಲೆ ಮಾಡಿದ್ದೆ, ಒಂದು ದಿನ ಅವನ ತರಗತಿಯಲ್ಲಿ ಕೂತು ನೋಡಿದ ಮೇಲೆ ಆ ಕೀಟಲೆ ಬಿಟ್ಟೆ—ಗೋಡೆಯುದ್ದಕ್ಕೂ ಕನ್ನಡಿ, ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಎದೆಗೆ ಬರುವಂತೆ ಮುದುಡಿ ಕೂತ ಇವನು, ಎದುರಿಗೆ ಎರಡು ಜಡೆಯ ಪುಟ್ಟ ಹುಡುಗಿ, ಅವಳ ಒಂದು ಅಂಗೈ ಇವನ ಗಂಟಲ ಮೇಲೆ, ಇನ್ನೊಂದು ತನ್ನದೇ ಗಂಟಲ ಮೇಲೆ, ಇವನು ಬ ಎನ್ನುತ್ತಾನೆ, ಗಂಟಲು ನಡುಗಿದ್ದು ಅವಳ ಅಂಗೈಗೆ ಗೊತ್ತಾಗುತ್ತದೆ, ಪ ಎನ್ನುತ್ತಾನೆ, ಗಂಟಲು ಸುಮ್ಮನಿದೆ, ಆದರೆ ತುಟಿಯ ಮುಂದೆ ಹಿಡಿದ ತೆಳು ಕಾಗದದ ಪಟ್ಟಿ ಪಟ್ಟನೆ ಅಲುಗುತ್ತದೆ, ಅವಳು ನಗುತ್ತಾಳೆ, ತಾನೂ ತುಟಿ ಬಿಗಿದು ಬಿಡುತ್ತಾಳೆ, ಕಾಗದ ಅಲುಗುವುದಿಲ್ಲ, ಇನ್ನೊಮ್ಮೆ, ಮತ್ತೊಮ್ಮೆ, ಎಂಜಲೆಲ್ಲ ಇವನ ಮುಖಕ್ಕೆ, ಒರೆಸಿಕೊಳ್ಳುವುದೂ ಇಲ್ಲ ಪುಣ್ಯಾತ್ಮ, ಒರೆಸ್ಕೊಂಡ್ರೆ ಮಗು ನಾಚ್ಕೊಂಡು ಬಾಯಿ ಮುಚ್ಚುತ್ತೆ ಅಕ್ಕ, ಎಂಜಲು ಹಾರದೆ ಮಾತು ಬರಲ್ಲ, ಕೊನೆಗೊಮ್ಮೆ ಅಲುಗಿತು ಕಾಗದ, ತಾನೆಂದೂ ಕೇಳದ ಸದ್ದೊಂದನ್ನು ಆ ಕೂಸು ಮಾಡಿತು, ನಾನು ಅತ್ತುಬಿಟ್ಟೆ, ಇವನು ನನ್ನ ಕಡೆ ತಿರುಗಿ, ಅವಳ ಪಾಲಿಂದೂ ನೀನೇ ಕೇಳಿಸ್ಕೋ ಎಂದ.

ಹೀಗೆ ಉಸಿರು ತಾಗುವಷ್ಟು ಹತ್ತಿರ ಕೂತು ಮಾಡುವ ಕೆಲಸ, ಅದಕ್ಕೇ ಬಂದು ವಕ್ಕರಿಸಿತು ಕೊರೋನಾ, ಎಲ್ಲರಿಗೂ ಬಂತು, ಎಲ್ಲರೂ ಹೆದರಿದರು, ಆದರೆ ಇವನ ಲೆಕ್ಕ ಬೇರೆ, ಇವನ ಹೊಟ್ಟೆಯ ಬಲಗಡೆ ಕೆಳಗೆ ಕೆಲಸ ಮಾಡುತ್ತಿರುವುದು ನನ್ನ ಕಿಡ್ನಿ. ಕೊರೋನಾ ಬರುವುದಕ್ಕೆ ಎಷ್ಟೋ ಮುಂಚೆ ಅವನ ಎರಡೂ ಕಿಡ್ನಿ ಕೈಕೊಟ್ಟಾಗ, ಅಕ್ಕಂದು ಹೊಂದುತ್ತೆ ಎಂದು ಡಾಕ್ಟರು ಹೇಳಿದಾಗ, ನಾನು ಯೋಚನೆ ಮಾಡಲೇ ಇಲ್ಲ, ಚಿಕ್ಕಂದಿನಲ್ಲಿ ನನ್ನ ತಟ್ಟೆಯಿಂದ ಎಷ್ಟು ಕಿತ್ಕೊಂಡು ತಿಂದಿಲ್ಲ, ಇದೂ ಹೋಗ್ಲಿ ಬಿಡಿ ಅಂದೆ, ಅಮ್ಮ ನನ್ನ ಬಾಯಿ ಮುಚ್ಚಿಸಿದಳು, ಆಮೇಲೆ ಮರೆಯಲ್ಲಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅದು ಅಕ್ಕನದು ಎಂದು ನಮಗೆ ಗೊತ್ತು, ಅವನ ಮೈಗೆ ಗೊತ್ತಿಲ್ಲವಲ್ಲ, ಮೈಗೆ ನೆಂಟಸ್ತಿಕೆ ತಿಳಿಯದು, ತನ್ನದಲ್ಲದ್ದು ಕಂಡರೆ ಕಾವಲಿನ ಕೋಶಗಳು ಮೇಲೆ ಬಿದ್ದು ಹರಿದುಹಾಕುತ್ತವೆ, ಅದಕ್ಕೇ ಬೆಳಿಗ್ಗೆ ಸಂಜೆ ಮಾತ್ರೆ, ಕಾವಲಿನವರಿಗೆ ತೂಕಡಿಕೆ ಬರಿಸುವ ಮಾತ್ರೆ, ಉಸಿರಿರುವ ತನಕ. ಕಾವಲಿನವರು ತೂಕಡಿಸಿದರೆ ಕಿಡ್ನಿ ಕ್ಷೇಮ, ಆದರೆ ಲಸಿಕೆ ಬಂದು ಬಾಗಿಲು ಬಡಿದರೂ ಅವರು ಏಳಲಿಲ್ಲ, ಮೊದಲ ಡೋಸು ಹಾಕಿಸಿದ, ನಾನು ಟೆಸ್ಟು ಮಾಡಿದೆ, ಅವನ ಗುಳಿಗಳು ಬಣ್ಣ ಬಾರದೆ ನೀರಿನ ಹಾಗೆ, ಲಸಿಕೆ ಹಿಡಿದಿಲ್ಲ ಎಂದರ್ಥ, ಎರಡನೆಯದು ಹಾಕಿಸಿದ, ಆಗಲೂ ನೀರು, ಕಿಡ್ನಿ ಉಳಿಸುವ ಮಾತ್ರೆಯೇ ಲಸಿಕೆಗೆ ಅಡ್ಡ, ಅತ್ತ ದರಿ ಇತ್ತ ಪುಲಿ ಅನ್ನುವುದು ಇದಕ್ಕೇ ಇರಬೇಕು. ಮೂರನೆಯದಕ್ಕೆ ಕಿಡ್ನಿ ಡಾಕ್ಟರು ಒಂದು ಮಾತ್ರೆಯನ್ನು ಕೆಲವು ದಿನ ತಡೆದರು, ಇದನ್ನ ನೀವಾಗಿ ಯಾವತ್ತೂ ಮಾಡ್ಬೇಡಿ, ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ಇರ್ತೀನಿ, ಕಾವಲಿನೋರು ಅರ್ಧ ಕಣ್ಣು ಬಿಟ್ಟು ಲಸಿಕೇನ ನೋಡ್ಲಿ, ಪೂರಾ ಬಿಟ್ಟು ಕಿಡ್ನೀನ ನೋಡೋದು ಬೇಡ, ಎಂದು ನಗಿಸಿದರು, ನನಗೆ ನಗು ಬರಲಿಲ್ಲ, ಮೊನ್ನೆ ಕಿಡ್ನಿಯ ರಿಪೋರ್ಟು ಬರುವ ತನಕ ನನ್ನ ಜೀವ ಕೈಯಲ್ಲಿತ್ತು, ಚೆನ್ನಾಗಿದೆ, ಕಿಡ್ನಿ ಚೆನ್ನಾಗಿದೆ, ಉಳಿದದ್ದು ಈ ತಟ್ಟೆ. ರಕ್ತದಲ್ಲಿ ವೈರಸ್ಸನ್ನ ಹಿಡಿಯೋ ಪ್ರತಿಕಾಯಗಳು ಗಡಿ ದಾಟಿದ್ರೆ ಕಿಟಕಿ ಎಲ್ಲ ತೆಗೆದಿಟ್ಟು ಒಂದೊಂದೇ ಮಗೂನ ಕೂರಿಸ್ಕೊಂಡು ಪಾಠ ಮಾಡಿ, ಅದೂ ಗ್ಯಾರಂಟಿ ಅಲ್ಲ, ಒಂದಿಷ್ಟು ಧೈರ್ಯ ಅಷ್ಟೆ, ದಾಟ್ಲಿಲ್ಲ ಅಂದ್ರೆ ಶಾಲೆ ಕಡೆ ತಲೆ ಹಾಕ್ಬೇಡಿ, ನಿಮಗೆ ಬಂದ್ರೆ ಉಳಿಸ್ಕೊಳ್ಳೋದು ಕಷ್ಟ, ಎಂದು ಡಾಕ್ಟರು ಮುಖ ನೋಡಿ ಹೇಳಿದರು, ಇವನು ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದ, ಆಸ್ಪತ್ರೆಯ ಮೆಟ್ಟಿಲಿಗೆ ಬರುತ್ತಿದ್ದಂತೆ, ಅಕ್ಕ, ದಾಟಿದ್ರೂ ದಾಟ್ದಿದ್ರೂ ಸೋಮವಾರ ನಾನು ಹೋಗೋನೇ ಎಂದ. ತಲೆ ಕೆಟ್ಟಿದೆಯೇನೋ ನಿನಗೆ. ಎರಡು ಜಡೆಯವಳು ಬಾಯಿ ಮುಚ್ಚಿಬಿಟ್ಟಿದ್ದಾಳೆ ಅಕ್ಕ, ಅವಳಮ್ಮ ಫೋನ್ ಮಾಡಿದ್ರು, ಪ ಹೋಯ್ತು, ಬ ಹೋಯ್ತು, ಈಗ ಅಮ್ಮ ಅನ್ನೋದೂ ಬಿಟ್ಟಿದ್ದಾಳೆ, ಫೋನಲ್ಲಿ ಮುಖ ತೋರಿಸಿ ಕಲಿಸು ಅಂತೀಯ, ಫೋನಲ್ಲಿ ಗಂಟಲು ಮುಟ್ಟೋಕಾಗುತ್ತಾ, ಕಾಗದ ಅಲುಗುತ್ತಾ, ಈ ವಯಸ್ಸು ದಾಟಿದ್ರೆ ಆಮೇಲೆ ಎಷ್ಟು ಬಡ್ಕೊಂಡ್ರೂ ಕಷ್ಟ. ಮನೆಗೆ ಮಾರಿ ಊರಿಗೆ ಉಪಕಾರಿ ಕಣೋ ನೀನು, ಹೋಗು, ಹೋಗೋದಾದ್ರೆ ನನ್ನ ಕಿಡ್ನಿ ವಾಪಸ್ ಕೊಟ್ಟು ಹೋಗು ಎಂದೆ, ಅವನು ನಗಲಿಲ್ಲ, ನಾನೂ ನಗಲಿಲ್ಲ, ಹೋಗೋನೇ ಅಂದರೆ ಹೋಗುವವನೇ ಅವನು, ಇವತ್ತು ಶುಕ್ರವಾರ.

ತಟ್ಟೆಗೆ ಅಂಟುಹಾಳೆ ಮುಚ್ಚಿ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಟ್ಟಾಯಿತು, ಇನ್ನು ಕಾಯುವುದು, ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಫ್ರಿಜ್ಜಿನ ಗುಂಯ್ ಸದ್ದು, ಕೈಗವಸಿನೊಳಗೆ ಬೆವರು. ಗುಳಿಗಳ ತಳದಲ್ಲಿ ವೈರಸ್ಸಿನ ಮುಳ್ಳುಗಳನ್ನು ಮೊದಲೇ ಅಂಟಿಸಿಟ್ಟಿರುತ್ತಾರೆ, ಸೀರಮ್ಮಿನಲ್ಲಿ ಪ್ರತಿಕಾಯ ಇದ್ದರೆ ಅದು ಈಗ ಇಳಿದು ಹೋಗಿ ಮುಳ್ಳನ್ನು ಹಿಡಿದುಕೊಳ್ಳುತ್ತಿರಬೇಕು, ಇಲ್ಲದಿದ್ದರೆ ಏನೂ ಆಗುತ್ತಿರುವುದಿಲ್ಲ, ಪೆಟ್ಟಿಗೆಯ ಬಾಗಿಲು ನೋಡುತ್ತ ಕೂತರೆ ಎರಡೂ ಒಂದೇ ರೀತಿ ಕಾಣುತ್ತದೆ. ಮೂರನೆಯ ಲಸಿಕೆ ಹಾಕಿಸಿದ ದಿನ ಅಮ್ಮ ಬಟ್ಟೆ ಮಡಿಸುತ್ತ ಕೇಳಿದ್ದಳು, ಆ ಸೂಜಿಯೊಳಗೆ ಏನಿತ್ತೇ, ಕಾಯಿಲೇನೇ ಚುಚ್ತಾರಂತೆ. ಕಾಯಿಲೆ ಅಲ್ಲಮ್ಮ, ಚೀಟಿ. ಎಂಥ ಚೀಟಿ. ವೈರಸ್ಸಿನ ಮೈಮೇಲೆ ಮುಳ್ಳಿರುತ್ತಲ್ಲ, ಆ ಮುಳ್ಳು ಮಾಡೋದು ಹೇಗೆ ಅಂತ ಬರೆದಿರೋ ಚೀಟಿ, ಮುಳ್ಳು ಮಾತ್ರ, ಪೂರಾ ವೈರಸ್ ಅಲ್ಲ. ಅಮ್ಮ ದಿಂಬಿನ ಹೊದಿಕೆಯನ್ನು ಹಾಗೇ ಹಿಡಿದುಕೊಂಡು, ಅಲ್ವೇ, ಚೀಟಿ ಕಳಿಸಿದ್ರೆ ಸಾಕಾ, ಒಳಗೆ ಓದೋಕೆ ಯಾರಿದ್ದಾರೆ ಎಂದಳು, ಆಹಾ, ಇಷ್ಟು ವರ್ಷ ಲ್ಯಾಬಿನಲ್ಲಿ ಸವೆದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ, ನಾನೂ ಮಡಿಸುತ್ತಿದ್ದ ಬಟ್ಟೆ ಬಿಟ್ಟೆ, ಇದ್ದಾರಮ್ಮ, ಒಂದೊಂದು ಕೋಶದಲ್ಲೂ ಲಕ್ಷಾಂತರ ಜನ ಇದ್ದಾರೆ, ರೈಬೋಸೋಮ್ ಅಂತ, ನೀನು ಹುಟ್ಟೋಕೆ ಮುಂಚೆಯಿಂದ, ಮನುಷ್ಯರು ಹುಟ್ಟೋಕೆ ಮುಂಚೆಯಿಂದ ಓದ್ತಾನೇ ಇದ್ದಾರೆ, ಮೂರು ಮೂರು ಅಕ್ಷರ ಓದು, ಒಂದೊಂದು ಮಣಿ ಪೋಣಿಸು, ಮೂರು ಅಕ್ಷರ, ಇನ್ನೊಂದು ಮಣಿ, ಅಷ್ಟೇ ಕೆಲಸ, ಯಾರು ಕಳಿಸಿದ್ದು ಏನು ಎತ್ತ ಕೇಳಲ್ಲ. ಚೀಟಿಯನ್ನು ಕೊಬ್ಬಿನ ಸಣ್ಣ ಹನಿಯಲ್ಲಿ ಸುತ್ತಿ ಕಳಿಸುತ್ತಾರೆ, ಬರಿಗೈಲಿ ಕಳಿಸಿದರೆ ದಾರಿಯಲ್ಲೇ ಚಿಂದಿ, ತೋಳಿನ ಕೋಶ ಆ ಹನಿಯನ್ನು ನುಂಗುತ್ತದೆ, ಚೀಟಿ ಹೊರಬರುತ್ತದೆ, ಆ ಚೀಟಿಯ ಅಕ್ಷರಗಳಲ್ಲಿ ಒಂದನ್ನು ಎಲ್ಲ ಕಡೆ ಒಂಚೂರು ತಿರುಚಿ ಬರೆದಿರುತ್ತಾರೆ, ಇಲ್ಲದಿದ್ದರೆ ಮೈ ಅದನ್ನು ಕಳ್ಳ ಚೀಟಿ ಎಂದು ಹಿಡಿದು ಓದುವ ಮೊದಲೇ ಹರಿದುಬಿಡುತ್ತದೆ, ಒಂದೇ ಒಂದು ಅಕ್ಷರ, ಅದನ್ನು ಕಂಡುಕೊಂಡವರು ಎಷ್ಟು ವರ್ಷ ಎಷ್ಟು ತಟ್ಟೆಗಳನ್ನು ಕಸಕ್ಕೆ ಎಸೆದಿರಬೇಕು, ಅವರ ಕಾಲು ಹಿಡಿಯಬೇಕು ಅನ್ನಿಸುತ್ತದೆ. ಆಮೇಲೆ ಆ ಚೀಟಿ ಒಳಗೇ ಇರುತ್ತಾ, ನಮ್ಮ ವಂಶಕ್ಕೆಲ್ಲ ಅಂಟ್ಕೊಳ್ಳುತ್ತಾ ಎಂದಳು ಅಮ್ಮ. ಇಲ್ಲಮ್ಮ, ಹುಟ್ಟುಗುಣ ಇರೋ ಕೋಣೆಯೊಳಗೆ ಅದು ಕಾಲೇ ಇಡಲ್ಲ, ಹೊರಗೆ ಅಡುಗೆಮನೇಲೇ ಅದರ ಕೆಲಸ, ಕೆಲವು ದಿನಕ್ಕೆ ಕರಗಿ ಹೋಗುತ್ತೆ. ಒಳ್ಳೇದಾಯ್ತು ಬಿಡು, ಬಂದ ಕೆಲಸ ಮುಗಿಸಿ ಎದ್ದು ಹೋಗೋ ನೆಂಟರು ಈ ಕಾಲದಲ್ಲಿ ಯಾರಿದ್ದಾರೆ ಎಂದು ಹೊದಿಕೆ ಮಡಿಸಿಟ್ಟಳು, ಒಳಗಿನ ಕೋಣೆಯಿಂದ ಬಾಯಿಬಡುಕ ಕೂಗಿದ, ಅಮ್ಮ, ಅಕ್ಕ ಹೇಳ್ತಿರೋದು ನನಗಲ್ವಂತೆ, ನನ್ನ ಕೋಶದವರು ಹೆಬ್ಬೆಟ್ಟು.

ಹೆಬ್ಬೆಟ್ಟಲ್ಲ ಕಣೋ, ಓದಿದ್ದಾರೆ, ನಿನ್ನ ತೋಳಿನ ಕೋಶಗಳೂ ಚೀಟಿ ಓದಿರುತ್ತವೆ, ಮುಳ್ಳೂ ಮಾಡಿರುತ್ತವೆ, ಆ ಮಟ್ಟಿಗೆ ಮಾತ್ರೆಯ ಅಡ್ಡಿ ಇಲ್ಲ, ಕೈ ಊದಿಕೊಂಡು ಮೂರು ದಿನ ಅಯ್ಯೋ ಅಯ್ಯೋ ಅಂದೆಯಲ್ಲ, ಮುಳ್ಳು ತಯಾರಾಗಿ ಕೋಶದ ಮೈಮೇಲೆ ಎದ್ದು ನಿಂತಿರುತ್ತದೆ, ನೋಡುವವರು ನೋಡಬೇಕಷ್ಟೆ, ತೊಂದರೆ ಅಲ್ಲಿ. ಟೈಮರಿನ ಗಂಟೆ ಬಡಿಯಿತು, ತಟ್ಟೆ ತೆಗೆದೆ, ತೊಳೆಯಬೇಕು, ಈಗ ಅವಸರ ಮಾಡಿದೆಯೋ ನಿನ್ನ ಕೈ ಮುರೀತೀನಿ ಎಂದು ನನಗೆ ನಾನೇ ಬೈದುಕೊಳ್ಳುತ್ತೇನೆ, ಏಕೆಂದರೆ ಇದು ಇವತ್ತಿನ ಎರಡನೆಯ ತಟ್ಟೆ, ಬೆಳಿಗ್ಗೆಯ ತಟ್ಟೆ ಕಸದ ಬುಟ್ಟಿಯಲ್ಲಿ ಬಿದ್ದಿದೆ, ಥೂ, ನೆನೆಸಿಕೊಂಡರೆ ಮೈಯೆಲ್ಲ ಉರಿ. ತಟ್ಟೆಗೆ ಕೊನೆಗೆ ಬಣ್ಣದ ದ್ರಾವಣ ಹಾಕುವುದು, ಪ್ರತಿಕಾಯ ಹಿಡಿದುಕೊಂಡಿರುವ ಗುಳಿ ನೀಲಿಯಾಗುತ್ತದೆ, ಉಳಿದದ್ದು ನೀರಿನ ಹಾಗೇ ಇರುತ್ತದೆ, ಬೆಳಿಗ್ಗೆ ದ್ರಾವಣ ಹಾಕಿದೆ, ತಟ್ಟೆಯ ಕಡೆ ಬಾಗಿದೆ, ಅವನ ಎರಡು ಗುಳಿಗಳು ನೀಲಿ, ಮೆಲ್ಲಗೆ ಅಲ್ಲ, ಸರಸರನೆ ನೀಲಿ, ಕೈಗವಸು ಕಿತ್ತೆಸೆದು ಹೊರಗಿನ ಓಣಿಗೆ ಓಡಿ ಅವನಿಗೆ ಫೋನು, ಮೇಡಂಗೆ ಕೊಟ್ಟ ಮಾತು ಗಾಳಿಗೆ, ಬಂತು ಕಣೋ, ನೀಲಿ ಬಂತು, ಅಂದೆ, ಅವನು ಹೋ ಎಂದು ಕೂಗಿದ, ಅಮ್ಮಾ ಎಂದು ಕೂಗಿದ, ಫೋನಿನಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿತು, ನಾನು ಹಾರಿಕೊಂಡು ಒಳಗೆ ಬಂದು ನೋಡುತ್ತೇನೆ, ಪಕ್ಕದ್ದೂ ನೀಲಿ, ಮೇಲಿನ ಸಾಲೂ ನೀಲಿ, ಯಾರ ರಕ್ತವನ್ನೂ ಹಾಕದೆ ಸುಮ್ಮನೆ ಬಿಟ್ಟ ಖಾಲಿ ಗುಳಿಗಳು, ಅವೂ ನೀಲಿ, ಎಲ್ಲ ನೀಲಿ. ತೊಳೆಯುವಾಗ ಅವಸರ ಮಾಡಿದ್ದೆ, ಬಣ್ಣ ಬರಿಸುವ ವಸ್ತು ಎಲ್ಲ ಗುಳಿಯಲ್ಲೂ ಉಳಿದುಬಿಟ್ಟಿತ್ತು, ಆತುರಗಾರನಿಗೆ ಬುದ್ಧಿ ಮಟ್ಟ, ಹೊಸದಾಗಿ ಸೇರಿದವರು ಕೂಡ ಮಾಡದ ತಪ್ಪು, ಅದೂ ತೊಳೆಯೋದು ಹೇಗೆ ಅಂತ ನನ್ನನ್ನು ನೋಡಿ ಕಲೀರಿ ಎಂದು ಮೆರೆಯುವ ನಾನು. ಮತ್ತೆ ಓಣಿಗೆ ಹೋದೆ, ಇಲ್ಲ ಕಣೋ, ಆ ನೀಲಿ ಸುಳ್ಳು, ನನ್ನ ಕೈ ತಪ್ಪಿತು, ಇನ್ನೊಂದು ಸಲ ಮಾಡ್ಬೇಕು, ಸಂಜೆ ಆಗುತ್ತೆ ಎಂದೆ, ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಸಮಾಧಾನವಿತ್ತು, ಬಾಯಿಬಡುಕನ ಬಾಯಿಂದ ಮಾತೇ ಬರಲಿಲ್ಲ, ಉಸಿರು ಮಾತ್ರ ಕೇಳಿಸುತ್ತಿತ್ತು, ಹುಟ್ಟಿದಾಗಿನಿಂದ ಅವನ ಅಂಥ ಮೌನ ನಾನು ಕೇಳಿರಲಿಲ್ಲ. ಆಮೇಲೆ, ಪರ್ವಾಗಿಲ್ಲ ಅಕ್ಕ, ನೀನು ಊಟ ಮಾಡು ಎಂದು ಇಟ್ಟ.

ಊಟದ ಡಬ್ಬಿ ತೆಗೆದೇ ಇಲ್ಲ. ದೊಡ್ಡ ಮೇಡಂ ಹಾಳಾದ ತಟ್ಟೆಯನ್ನು ನೋಡಿ, ಈ ಹೊಸ ತಟ್ಟೆ ತಂದು ನನ್ನ ಮುಂದಿಟ್ಟು, ನಿಧಾನಕ್ಕೆ ಮಾಡಿ, ಅವನೆಲ್ಲಿ ಓಡಿ ಹೋಗ್ತಾನೆ ಅಂದರು, ಅವರಿಗೇನು ಗೊತ್ತು, ಸೋಮವಾರ ಓಡಿ ಹೋಗುವವನೇ ಅವನು. ಈಗ ತೊಳೆಯುವುದು, ತುಂಬು, ಅಲ್ಲಾಡಿಸು, ತೊಟ್ಟಿಗೆ ಚೆಲ್ಲು, ದಪ್ಪ ಕಾಗದದ ಮೇಲೆ ಮಗುಚಿ ಬಡಿ, ತುಂಬು, ಅಲ್ಲಾಡಿಸು, ಚೆಲ್ಲು, ಬಡಿ, ತಟ್ಟೆ ಬಡಿಯುವ ಸದ್ದಿಗೆ ಗೋಡೆಯಾಚೆಯವರು ಏನಂದುಕೊಳ್ಳುತ್ತಾರೋ, ಪ್ರತಿಕಾಯಕ್ಕೆ ಅಂಟಿಕೊಂಡು ಬಣ್ಣ ಬರಿಸುವ ಎರಡನೆಯ ದ್ರಾವಣ ಹಾಕಿದೆ, ಮತ್ತೆ ಬೆಚ್ಚನೆಯ ಪೆಟ್ಟಿಗೆ, ಮತ್ತೆ ಸ್ಟೂ­ಲು, ಮತ್ತೆ ಕಾಲು ಎಟುಕದ ನೆಲ. ಅವನ ಮೈಯೊಳಗೆ ಈ ಹದಿನೈದಿಪ್ಪತ್ತು ದಿನ ಏನಾಗಿರಬಹುದು—ತೋಳಿನಲ್ಲಿ ಮುಳ್ಳು ತಯಾರಾಯಿತು, ಒಂದು ಅಲೆಮಾರಿ ಕೋಶ ಬಂದು ಮುಳ್ಳಿನ ತುಂಡನ್ನು ಎತ್ತಿಕೊಂಡು ಕಂಕುಳಿನ ದುಗ್ಧಗ್ರಂಥಿಯ ಗಂಟಿಗೆ ಹೊತ್ತು ತಂದಿತು, ಆ ಗಂಟು ಎಂದರೆ ಸಂತೆ, ಪ್ರತಿಕಾಯ ಮಾಡುವ ಬಿ ಕೋಶಗಳು ಲಕ್ಷಗಟ್ಟಲೆ ಅಲ್ಲಿ ಸುತ್ತಾಡುತ್ತಿರುತ್ತವೆ, ಒಂದೊಂದರ ಕೈಯಲ್ಲೂ ಒಂದೊಂದು ಬೇರೆ ಆಕಾರದ ಹಿಡಿ, ಯಾವುದಕ್ಕೆ ಯಾವ ವೈರಸ್ ಸಿಗುತ್ತದೋ ಅದಕ್ಕೇ ತಿಳಿಯದು, ಆದರೂ ಹಿಡಿ ಮಾಡಿಕೊಂಡು ಕಾಯುತ್ತಿರುತ್ತವೆ, ಈ ಕೊರೋನಾ ಎಂಬುದು ಲೋಕಕ್ಕೆ ಬರುವ ಮುಂಚೆಯೇ ಅದರ ಮುಳ್ಳಿಗೆ ಹೊಂದುವ ಹಿಡಿಯೊಂದು ನನ್ನ ತಮ್ಮನ ಕಂಕುಳಲ್ಲಿ ಸುಮ್ಮನೆ ಕೂತಿತ್ತು, ನನಗೆ ಇದನ್ನು ಮೊದಲು ಓದಿದ ದಿನ ನಿದ್ದೆ ಬರಲಿಲ್ಲ, ಎಂಥ ತಯಾರಿ, ಎಂಥ ತಾಳ್ಮೆ, ಬಾರದೇ ಇರಬಹುದಾದ ಅತಿಥಿಗೆ ಹಾಸಿಗೆ ಹಾಸಿಟ್ಟು ಕೂರುವುದು ಅಂದರೆ ಇದೇ ಅಲ್ಲವೇ. ಹೊಂದಿತು ಎನ್ನೋಣ, ಆ ಒಂದು ಕೋಶ ಎರಡಾಗಬೇಕು, ಎರಡು ನಾಲ್ಕು, ನಾಲ್ಕು ಸಾವಿರ, ಪ್ರತಿ ಸಲವೂ ಹಿಡಿಯನ್ನು ಕೊಂಚ ಕೊಂಚ ತಿದ್ದಿಕೊಳ್ಳಬೇಕು, ಚೆನ್ನಾಗಿ ಹಿಡಿಯುವುದು ಉಳಿಯುತ್ತದೆ, ಸಡಿಲವಾದದ್ದು ಸಾಯುತ್ತದೆ, ಕೊನೆಗೆ ಕವೆಗೋಲಿನ ಆಕಾರದ ಪ್ರತಿಕಾಯಗಳನ್ನು ರಕ್ತಕ್ಕೆ ಎರಚುತ್ತ ಹೋಗಬೇಕು, ಒಂದೊಂದು ಕೋಶ ಒಂದು ಸೆಕೆಂಡಿಗೆ ಸಾವಿರಾರು, ಇಷ್ಟಕ್ಕೂ ಒಪ್ಪಿಗೆ ಕೊಡಬೇಕಾದವು ಟಿ ಕೋಶಗಳು, ಹೂಂ ಮಾಡು ಎಂದು ಅವು ಬೆನ್ನು ತಟ್ಟದಿದ್ದರೆ ಬಿ ಕೋಶ ಮುಂದೆ ಹೋಗುವುದಿಲ್ಲ, ಮಾತ್ರೆ ಮಲಗಿಸಿರುವುದು ಆ ಟಿ ಕೋಶಗಳನ್ನೇ. ಏಳ್ರಪ್ಪ, ನಿಮ್ಮ ದಮ್ಮಯ್ಯ, ಒಂದೇ ಒಂದು ಗಳಿಗೆ ಏಳಿ, ನನ್ನ ಕಿಡ್ನಿಯನ್ನು ಮಾತ್ರ ನೋಡಬೇಡಿ, ಅದು ನಮ್ಮದೇ, ನಮ್ಮನೇದೇ, ಮುಳ್ಳನ್ನು ನೋಡಿ, ಆ ಕಡೆ, ಆ ಕಡೆ ನೋಡಿ. ಆಸ್ಪತ್ರೆಯ ಮಂಚದಲ್ಲಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನು ನರಳುತ್ತಿದ್ದರೆ ಪಕ್ಕದ ಮಂಚದಿಂದ ಅವನು, ಅಕ್ಕ, ನಿನ್ನ ಕಿಡ್ನಿ ಒಳಗೆ ಹೋದಾಗಿಂದ ನನಗೂ ಸಿಕ್ಕಾಪಟ್ಟೆ ಸಿಟ್ಟು ಬರ್ತಿದೆ ಎಂದಿದ್ದ, ನಕ್ಕರೆ ಹೊಲಿಗೆ ಬಿಚ್ಚುತ್ತೆ ಕಣೋ ಮುಚ್ಚು ಬಾಯಿ ಎಂದಿದ್ದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕು ನರ್ಸಮ್ಮನ ಕೈಲಿ ಬೈಸಿಕೊಂಡಿದ್ದೆವು, ಆ ಹುಡುಗ ಸಾಯಬಾರದು, ಇಷ್ಟೇ ನನಗೆ ಬೇಕಾದದ್ದು, ಬೇರೆ ಏನೂ ಬೇಡ.

ತೊಳೆದೆ, ಮತ್ತೆ ತೊಳೆದೆ, ಸಾಕು ಅನ್ನಿಸಿದ ಮೇಲೂ ಇನ್ನೊಂದು ಸಲ ತೊಳೆದೆ, ಕಾಗದದ ಮೇಲೆ ಬಡಿದಾಗ ಒಂದು ಹನಿಯ ಗುರುತೂ ಬೀಳಲಿಲ್ಲ. ದೊಡ್ಡ ಮೇಡಂ ಬಂದು ಹಿಂದೆ ನಿಂತಿದ್ದಾರೆ, ಕೈಯಲ್ಲಿ ಗಡಿಯಾರ, ಬಣ್ಣದ ದ್ರಾವಣ ಹಾಕುತ್ತ ಬರುತ್ತೇನೆ, ಮೇಲಿನ ಸಾಲಿನಲ್ಲಿ ಖಾಲಿ ಗುಳಿಗಳು, ಅದರ ಕೆಳಗೆ ನನ್ನವು, ಹೌದು, ಅಳತೆಗೆಂದು ಇಡುವ ಚೆನ್ನಾದ ಸೀರಮ್ ನನ್ನ ರಕ್ತದ್ದೇ, ಲಸಿಕೆ ಹಾಕಿಸಿಕೊಂಡ ಗಟ್ಟಿಮುಟ್ಟಾದ ಹೆಂಗಸು ಎಂದು ನನ್ನನ್ನೇ ಚುಚ್ಚಿ ತೆಗೆದಿಟ್ಟಿದ್ದಾರೆ, ಅದರ ಕೆಳಗೆ ಗಡಿಗುಳಿಗಳು, ಇದಕ್ಕಿಂತ ಗಾಢವಾದರೆ ಇದೆ, ತಿಳಿಯಾದರೆ ಇಲ್ಲ ಎಂದು ಹೇಳುವ ಗುಳಿಗಳು, ಆ ಗಡಿಯ ಪಕ್ಕಕ್ಕೇ ಅವನ ಎರಡು. ಕತ್ತಲಲ್ಲಿಡಬೇಕು ತಟ್ಟೆಯನ್ನು, ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದೆ, ಕೋಟಿನ ಜೇಬಿನಲ್ಲಿ ಫೋನು ಗುರ್‍ ಎಂದು ನಡುಗಿ ಸುಮ್ಮನಾಯಿತು, ಅವನೇ ಇರಬೇಕು, ಅಮ್ಮನೂ ಇರಬಹುದು, ಪಕ್ಕದ ಬೆಂಚಿನವಳು ಪಿಪೆಟ್ಟು ಇಟ್ಟು ಕೂತಿದ್ದಾಳೆ. ಒಮ್ಮೆ ನೋಡ್ತೀನಿ ಮೇಡಂ. ನೋಡಿ. ಬಾಗಿಲು ತೆರೆದೆ, ಮೊದಲು ಖಾಲಿ ಗುಳಿ ನೋಡಿದೆ, ಬೇಕೆಂದೇ ಮೊದಲು ಅದನ್ನೇ ನೋಡಿದೆ, ನೀರು, ಶುದ್ಧ ನೀರು, ಒಂದು ಚೂರೂ ಬಣ್ಣವಿಲ್ಲ, ಸದ್ಯ, ನನ್ನ ಕೈ ಈ ಸಲ ಸುಳ್ಳು ಹೇಳಿಲ್ಲ, ನನ್ನವು ಕಡುನೀಲಿ, ದುರಹಂಕಾರದ ನೀಲಿ, ಗಡಿಯವು ಈಗಷ್ಟೆ ತಿಳಿನೀಲಿಗೆ ತಿರುಗುತ್ತಿವೆ, ಅವನವು, ಅವನವು ಏನು, ನೀರೋ, ಅಲ್ಲ, ನೀರಲ್ಲ, ತಲೆ ಒಂದು ಕಡೆ ವಾಲಿಸಿ ಬಿಳಿ ಹಾಳೆಯ ಮೇಲಿಟ್ಟು ನೋಡಿದೆ, ನೀರಲ್ಲ, ಮೊದಲ ಡೋಸಿನಲ್ಲಿ ನೀರು, ಎರಡನೆಯದರಲ್ಲಿ ನೀರು, ಇದು ನೀರಲ್ಲ, ಆದರೆ ಗಡಿಯಷ್ಟೇ ಇದೆ, ಗಡಿಗಿಂತ ಒಂದು ಕೂದಲು ಹೆಚ್ಚೋ ಕಡಿಮೆಯೋ ಕಣ್ಣಿಗೆ ತಿಳಿಯುತ್ತಿಲ್ಲ, ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಇನ್ನೂ ನೀಲಿಯಾಗುತ್ತದೆ, ಎಲ್ಲವೂ ಆಗುತ್ತದೆ, ಗಡಿಯೂ ಆಗುತ್ತದೆ, ಅದರಿಂದ ಏನು ಬಂತು ಮಂಕೇ, ಟೈಮ್ ಎಂದರು ಮೇಡಂ, ಇನ್ನೊಂದೇ ನಿಮಿಷ ಎನ್ನಬೇಕು ಅನ್ನಿಸಿತು ಬಾಯಿ ತುದಿಯಲ್ಲಿ, ಎನ್ನಲಿಲ್ಲ, ಬೆಳಿಗ್ಗೆ ಒಂದು ಸುಳ್ಳು ನೀಲಿ ಕೊಟ್ಟಿದ್ದೇನೆ ಅವನಿಗೆ, ಅದೇ ಸಾಕು, ಆಸಿಡ್ ಎತ್ತಿಕೊಂಡೆ, ಆಸಿಡ್ ಬಿದ್ದರೆ ಬಣ್ಣ ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ, ನೀಲಿ ಹೋಗಿ ಹಳದಿ ಬರುತ್ತದೆ, ಹಳದಿಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ, ಇನ್ನು ತಿದ್ದಲು ಯಾರಿಂದಲೂ ಆಗುವುದಿಲ್ಲ, ಖಾಲಿಗೆ ಹಾಕಿದೆ, ನೀರು, ನನ್ನದಕ್ಕೆ ಹಾಕಿದೆ, ಕಡು ಹಳದಿ, ಗಡಿಗೆ ಹಾಕಿದೆ, ತಿಳಿ ಹಳದಿ, ಹನಿ ಬಿತ್ತು, ಅವನ ಮೊದಲನೆಯದು, ಹನಿ ಬಿತ್ತು, ಎರಡನೆಯದು, ನನ್ನ ಕನ್ನಡಕದ ಒಳಗೆ ಆವಿ, ಒರೆಸಿಕೊಳ್ಳಲು ಕೈ ಬಿಡುವಿಲ್ಲ, ಮಂಜಿನೊಳಗಿಂದ ನೋಡುತ್ತೇನೆ, ಗಡಿಗುಳಿ ತಿಳಿ ಹಳದಿ, ಪಕ್ಕದಲ್ಲಿ ಅವನದು, ಗಡಿಗಿಂತ ಗಾಢ, ಸ್ವಲ್ಪವೇ, ಆದರೆ ಗಾಢ, ಪಕ್ಕದಲ್ಲಿ ಅವನ ಇನ್ನೊಂದು, ಅದೂ ಗಾಢ, ಕಾವಲಿನವರು ಅರ್ಧನಿದ್ದೆಯಲ್ಲಿ ಎದ್ದು ಕೂತು ಮುಳ್ಳು ನೋಡಿದ್ದಾರೆ, ನೋಡಿ ಪ್ರತಿಕಾಯ ಮಾಡಿದ್ದಾರೆ, ನನ್ನ ಕಿಡ್ನಿಯನ್ನು ಮುಟ್ಟದೆ ಮಾಡಿದ್ದಾರೆ, ಬಾಯಿ ಬಿಡೋ ಹಾಗಿಲ್ಲ, ಯಂತ್ರ ಓದಬೇಕು, ಮೇಡಂ ಹೇಳಬೇಕು, ಮೇಡಂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾರೆ, ತಟ್ಟೆ ಯಂತ್ರಕ್ಕೆ ಕೊಡಬೇಕು, ಕೊಡುತ್ತೇನೆ, ಈಗಲೇ ಕೊಡುತ್ತೇನೆ, ಇದೊಂದು ಸಲ ನೋಡಿ ಕೊಡುತ್ತೇನೆ, ಎರಡು ಗುಳಿ, ಹಳದಿ, ಎರಡೂ.